ಜಾಂಗಡ್ ಸೀರೆ

೧೬ ಸೆಪ್ಟೆಂಬರ್ ೧೯೭೩, ರವಿವಾರ, ಸಂಜೆ

ಈ ಸೀಸನ್ನಿನ ಫ್ಯಾಷನ್ ಏನೆಂದು ತಿಳಿದುಕೊಳ್ಳಲು ಆದ ಒಟ್ಟು ಖರ್ಚು: ಮ್ಯಾಟಿನಿಯ ಎರಡು ಟಿಕೀಟು, ದಾದರಿನ ಅಂಗಡಿಯ ಸೇಲ್ಸ್‌ಮನ್ನಿಗೆ ಒಂದು ಚಹಾ, ಕಿತ್ತುಹೋದ ಚಪ್ಪಲಿಯ ಪಟ್ಟಿ, ಮತ್ತು ಇಡೀ ರವಿವಾರ. ಸಿನಿಮಾದ ಕಥೆ ಕೇಳಿದರೆ ಹೇಳಲಾರೆ. ನಾಯಕಿ ಅತ್ತಾಗ ಬಿಳಿ ಶಿಫಾನ್, ನಕ್ಕಾಗ ಚುಕ್ಕಿಯ ಜಾರ್ಜೆಟ್. ಸೀರೆ ಮಾರುವ ನನಗೆ ಇಷ್ಟು ಸಾಕು. ಅಳುವ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ.

ಎರಡನೆಯ ಟಿಕೀಟು ವಸಂತಿಯದು. ನಮ್ಮ ಚಾಳಿನ ಬಾಜೂ ಖೋಲಿಯ ಹುಡುಗಿ, ಫೋರ್ಟಿನಲ್ಲಿ ಟೈಪಿಸ್ಟ್. ಕನ್ನಡ ಮುರಿದು ಮುರಿದು ಬರುತ್ತದೆ, ಫ್ಯಾಷನ್ ಮಾತ್ರ ಸರಾಗ. ಕತ್ತಲಲ್ಲಿ ಕಿವಿಯಲ್ಲಿ ಹೇಳುತ್ತಲೇ ಇದ್ದಳು — ಚುಕ್ಕಿ ಬಂದಿದೆ, ದೊಡ್ಡ ಹೂವು ಹೋಯಿತು, ತೋಳಿಲ್ಲದ ಬ್ಲೌಸು ಇನ್ನೂ ಇದೆ. ಸೀರೆಯ ಬಣ್ಣದ್ದೇ ಬಳೆ ತೊಡಬೇಕಂತೆ. ಮ್ಯಾಚಿಂಗ್. ಹಿಂದಿನ ಸೀಟಿನವನು ಇಬ್ಬರಿಗೂ ಸೇರಿಸಿ ಬೈದ.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಬಸ್ಸಿನ ಕಿಟಕಿಯಲ್ಲಿ ಗಾಳಿ. ಕಣ್ಣು ಮುಚ್ಚಿದರೆ ಪರದೆಯ ಮೇಲಿನ ಚುಕ್ಕಿಗಳೆಲ್ಲ ಕಳಚಿ ತೇಲುತ್ತಿದ್ದವು. ಇಳಿಯಬೇಕಾದ ವಡಾಲ ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆವು.

೧೯ ಸೆಪ್ಟೆಂಬರ್, ಬುಧವಾರ

ವಿಕ್ರೋಳಿಗೆ. ಕಂಪನಿಯ ಕಾಲೊನಿಯಲ್ಲಿ ನನ್ನ ಒಳ್ಳೆಯ ಗಿರಾಕಿ ಹಾಲವ್ವ, ಫಿಟರನ ಹೆಂಡತಿ. ಸೀರೆಯ ಗಂಟು ಬಿಚ್ಚಿ ಅವಳ ಹಾಸಿಗೆಯ ಮೇಲೆಲ್ಲ ಹರಡಿದೆ. ಸೀರೆ ಮಾರುವುದೆಂದರೆ ಬೇಡ ಎನ್ನುವ ಕೆಲಸ. ಇದು ನಿನಗೆ ಬೇಡ, ಕುಳ್ಳಗೆ ಕಾಣುತ್ತಿ. ಇದೂ ಬೇಡ, ಮೈಬಣ್ಣ ಮಂಕಾಗುತ್ತದೆ. ಅಷ್ಟು ಬೇಡ ಕೇಳಿದ ಮೇಲೆ ಒಂದಕ್ಕೆ ಹೂಂ ಎಂದರೆ ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಹೇಳಿದ್ದು ಸುಳ್ಳೂ ಅಲ್ಲ. ಹಪ್ತೆಯ ಮೇಲೆ, ಕಂತಿನಲ್ಲಿ ಕೊಟ್ಟ ಸೀರೆ ತಿಂಗಳು ತಿಂಗಳೂ ಎದುರಿಗೆ ಬರುತ್ತದೆ. ಒಪ್ಪದ ಸೀರೆ ಕೊಟ್ಟರೆ ಅದೇ ನನ್ನ ಮೇಲೆ ಸಾಕ್ಷಿ.

ಹಾಲವ್ವ ಹಪ್ತೆ ಎಣಿಸಿ ಕೊಡುತ್ತ ಕೇಳಿದಳು. "ಊರಿಗೆಲ್ಲ ಹೇಳ್ತಿ. ನಿನಗ ಯಾವುದು ಒಪ್ಪತೈತಿ, ರಾಚವ್ವ?"

ಬಾಯಿ ಬಡಾಯಿಯ ನಾನು ಹಪ್ತೆಯ ರೊಕ್ಕವನ್ನು ಮತ್ತೊಮ್ಮೆ ಎಣಿಸಿದೆ.

ಬೂದಿ, ಮಣ್ಣು, ಹೊಗೆ. ಇವು ನನ್ನ ಬಣ್ಣಗಳು. ಗಂಟಿನ ತಳದಲ್ಲಿ ಉಳಿದದ್ದು ನನ್ನ ಮೈಮೇಲೆ ಬರುತ್ತದೆ. ಮಾರಾಟವಾಗದ್ದೇ ನನ್ನ ಸ್ಟೈಲು. ನನ್ನ ಗಂಡ ಬಂದರಿನ ಗೋದಿಯಲ್ಲಿ ಮೈಮೇಲೆ ಚೀಲ ಬಿದ್ದು ತೀರಿಕೊಂಡಾಗಿನಿಂದ ಹೀಗೇ. ಯಾರೂ ಉಡು ಎಂದು ಹೇರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಎಂಟು ವರ್ಷ ಹೋಯಿತು.

ಕುರ್ಲಾದಲ್ಲಿ ಗಾಡಿ ಬದಲಿಸಿ ವಡಾಲಕ್ಕೆ ಬರುವಾಗ ಚಾಳುಗಳ ಗ್ಯಾಲರಿಗಳಲ್ಲಿ ಸೀರೆಗಳು ಒಣಗುತ್ತಿದ್ದವು. ಒಂದೊಂದನ್ನೂ ಉಟ್ಟು ನೋಡಿದೆ, ಮನಸ್ಸಿನಲ್ಲಿ. ಹಳದಿ… ಇಲ್ಲ. ಗುಲಾಬಿ ಬೇಡವೇ ಬೇಡ. ಒಂದು ನೀಲಿ ಬಂತು, ಗಾಳಿ ತುಂಬಿಕೊಂಡಿತ್ತು. ಅದರೊಳಗೆ ನಾನಿದ್ದೆ ಅನ್ನಿಸಿತು. ಗಾಡಿ ಮುಂದೆ ಹೋಯಿತು.

೨೮ ಸೆಪ್ಟೆಂಬರ್, ಶುಕ್ರವಾರ

ಮಾಲು ತರಲು ಮಾರ್ಕೆಟ್ಟಿಗೆ. ಬಸವಂತಪ್ಪನವರ ಕೌಂಟರು. ಹೋಲ್‌ಸೇಲ್ ಅಂಗಡಿಯ ಹಳೆಯ ಸೇಲ್ಸ್‌ಮನ್. ಮೂಲ ಬೆಳಗಾವಿ ಕಡೆ, ಆದರೆ ಅಂಗಿ ಹಾಕಲು ಕಲಿಯುವ ಮೊದಲೇ ದಹಿಸರಿಗೆ ಬಂದವರು. ನಮ್ಮ ರೀತಿ-ರಿವಾಜು ಗೊತ್ತಿಲ್ಲ, ಕನ್ನಡದಲ್ಲಿ ಅರ್ಧ ಹಿಂದಿ. ಹೆಂಡತಿ ತೀರಿಕೊಂಡು ಬಹಳ ದಿನವಾಯಿತು. ಮಕ್ಕಳಿಲ್ಲ. ನನ್ನನ್ನು ಅಕ್ಕಾ ಎನ್ನುತ್ತಾರೆ, ವಯಸ್ಸಿನಲ್ಲಿ ದೊಡ್ಡವರಿದ್ದೂ. ಗಿರಾಕಿಗಳೆಲ್ಲ ಅವರಿಗೆ ಅಕ್ಕ, ಬಹೆನ್‌ಜೀ, ತಾಯಿ.

ಸೀರೆ ಬಿಚ್ಚುವ ಅವರ ಕೈ ನೋಡಬೇಕು. ಒಂದೇ ಸಲ ಜಾಡಿಸಿದರೆ ಸೀರೆ ಗಾಳಿಗೆ ಏರುತ್ತದೆ, ಮಾತು ಮರೆತಂತೆ ಗಳಿಗೆ ಹೊತ್ತು ಅಲ್ಲೇ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಎಲ್ಲಿಯವರೆಗೆ ನಿಂತಿರುತ್ತದೋ ಅಲ್ಲಿಯವರೆಗೆ ನಾನು ರೇಟು ಕೇಳುವುದಿಲ್ಲ.

ಇವತ್ತು ಒಂದು ಐಡಿಯಾ ಹೇಳಿದರು. ಗಂಟು ಬಿಚ್ಚಿ ತೋರಿಸುವ ಬದಲು ಉಟ್ಟು ತೋರಿಸಬೇಕಂತೆ. "ಶೋಕೇಸ್‌ನಾಗ ಗೊಂಬಿಗೆ ಉಡಸ್ತೀವಲ್ಲ ಅಕ್ಕಾ, ಸೇಮ್." ನಿಮ್ಮ ಗೊಂಬೆ ಗಂಟು ಹೊತ್ತು ನಾಲ್ಕು ಮಾಳಿಗೆ ಹತ್ತುತ್ತದೆಯೇ ಎಂದು ಕೇಳಿದೆ. ನಕ್ಕರು. ದೀಪಾವಳಿಗೆ ಮುಂಚೆ ಹೊಸ ಮಾಲಿನದೊಂದು ಸೀರೆ ನನಗೆ ಜಾಂಗಡ್ ಮೇಲೆ ಕೊಡುತ್ತಾರಂತೆ. ಜಾಂಗಡ್ ಎಂದರೆ ಮಾರ್ಕೆಟ್ಟಿನ ಕರಾರು: ಪಸಂದಾದರೆ ಬಿಲ್ಲು, ಇಲ್ಲದಿದ್ದರೆ ವಾಪಸು. ನಷ್ಟವಿಲ್ಲದ ಮಾತು. ಒಪ್ಪಿಕೊಂಡೆ.

೧೪ ಅಕ್ಟೋಬರ್, ರವಿವಾರ, ಬೆಳಿಗ್ಗೆ

ನಳದ ಹೊತ್ತು. ಗ್ಯಾಲರಿಯ ತುದಿಯಲ್ಲಿ ಇಡೀ ಚಾಳು ಕೊಡ ಹಿಡಿದು ನಿಂತಿತ್ತು. ಬಸವಂತಪ್ಪನವರು ಪಾರ್ಸೆಲ್ ತೆಗೆದುಕೊಂಡು ಬಂದರು, ರಜೆಯ ದಿನ, ಅಷ್ಟು ದೂರದಿಂದ. ನೀಲಿ ಜಾರ್ಜೆಟ್, ಬಿಳಿ ಚುಕ್ಕಿ. ಅದರ ಮೇಲೆ ಬ್ಲೌಸ್ ಪೀಸು. ಅದರ ಮೇಲೆ ಒಂದು ಡಜನ್ ನೀಲಿ ಗಾಜಿನ ಬಳೆ. ಅಂಗಡಿಯ ಸೇಠನ ಕಡೆಯಿಂದ ಹಬ್ಬದ ಪೇಡೆಯ ಡಬ್ಬಿ ಬೇರೆ. ಎಲ್ಲರೆದುರು ನನ್ನ ಕೈಗಿಟ್ಟು, ಉಟ್ಟು ನೋಡ್ರಿ ಅಕ್ಕಾ ಎಂದರು.

ಬಣ್ಣವನ್ನು ಬಿಸಿಲಲ್ಲಿ ನೋಡಬೇಕು. ಅದು ದಂಧೆಯ ಮೊದಲ ಪಾಠ. ಒಳಗೆ ಹೋಗಿ ಉಟ್ಟೆ. ಜಾರ್ಜೆಟ್ ಅಲ್ಲ ಅದು, ನೀರು. ನೆರಿಗೆ ಹಿಡಿದರೆ ಬೆರಳ ಸಂದಿಯಿಂದ ಹರಿದು ಹೋಗುತ್ತದೆ. ಬಳೆ ತೊಟ್ಟೆ. ಕೈ ಆಡಿಸಿದಾಗ ಸದ್ದಾಯಿತು, ಯಾರೋ ಬಂದರೆಂದು ತಿರುಗಿ ನೋಡಿದೆ. ನಾನೇ.

ಹೊರಗೆ ಬಂದು ಗ್ಯಾಲರಿಯ ಬಿಸಿಲಿಗೆ ಸೆರಗು ಹಿಡಿದು ನಿಂತೆ. ನಳದ ಕೆಳಗೆ ಕೊಡ ತುಂಬಿ ಚೆಲ್ಲುತ್ತಿದ್ದರೂ ಯಾರೂ ತೆಗೆಯಲಿಲ್ಲ. ಬಣ್ಣದ ಚೆಂದಕ್ಕೆ ಬೆರಗಾದರು ಎಂದುಕೊಂಡೆ… ಎಂಥ ವ್ಯಾಪಾರಿ ನಾನು. ಮಲ್ಲಕ್ಕ — ನಮ್ಮ ಕಡೆಯವಳೇ, ಚಾಳಿನ ಹಿರಿಯಳು — ಕೊಡ ಕೆಳಗಿಟ್ಟು ಬಂದು ಪೇಡೆ ಮುರಿದು ನನ್ನ ಬಾಯಿಗೊಂದು, ಬಸವಂತಪ್ಪನವರ ಬಾಯಿಗೊಂದು ಹಾಕಿದಳು. "ಛಲೋ ಆತು ಬಿಡವ್ವಾ," ಎಂದಳು. ಸೀರೆಗೆ ಹೇಳಿದ್ದು ಎಂದುಕೊಂಡೆ. ಅವರೂ ಹಾಗೇ ಎಂದುಕೊಂಡು, ಥ್ಯಾಂಕ್ ಯೂ ಎಂದರು.

ಅದೇ ದಿನ, ಮಧ್ಯಾಹ್ನ ಮೂರು

ಮಲ್ಲಕ್ಕ ಕುಂಕುಮದ ಭರಣಿ ಹಿಡಿದು ಬಂದಳು. ಇನ್ನು ಹಣೆ ಬರಿದಾಗಿ ಇಡಬಾರದಂತೆ. ಆಗ ಹೊಳೆಯಿತು. ಹೊಳೆದಾಗ ಕೈಯಲ್ಲಿ ಇನ್ನೂ ನೀಲಿ ಬಳೆಯಿತ್ತು.

ನಮ್ಮ ಕಡೆ ಗಂಡ ಸತ್ತವಳಿಗೆ ಎರಡನೆಯ ಮದುವೆ ಎಂಬುದಿಲ್ಲ, ಉಡಿಕೆ ಇದೆ. ಮಂತ್ರವಿಲ್ಲ, ಓಲಗವಿಲ್ಲ. ಗಂಡಸು ನಾಲ್ಕು ಜನರ ಮುಂದೆ ಸೀರೆ, ಕುಬಸ, ಬಳೆ ಕೊಡುತ್ತಾನೆ. ಅವಳು ಉಟ್ಟು ಹೊರಗೆ ಬಂದರೆ ಮುಗಿಯಿತು, ಅವನ ಹೆಂಡತಿ. ನಾನು ಉಟ್ಟೆ. ಹೊರಗೆ ಬಂದೆ. ಬಿಸಿಲಲ್ಲಿ ತಿರುತಿರುಗಿ ಬೇರೆ ತೋರಿಸಿದೆ.

"ಇದು ಜಾಂಗಡ್ ಮಾಲು, ಮಲ್ಲಕ್ಕ. ಅವರು ನನಗ ಅಕ್ಕಾ ಅಂತಾರ."

"ಅಕ್ಕಾ ಅಂದಾವ ಬಳಿ ತರ್ತಾನೇನು?"

"ಅದು ಮ್ಯಾಚಿಂಗ್."

"ಮ್ಯಾಚಿಂಗ್ ಅಂದ್ರ?"

"ಜೋಡಿ," ಎಂದೆ. ಎಂದ ಮೇಲೆ ನನಗೇ ಕೇಳಿಸಿತು.

ಮಲ್ಲಕ್ಕ ಕೋಪದವಳಲ್ಲ. ಖುಷಿಯಿಂದ ಬಂದವಳು, ಅದಕ್ಕೇ ಕಷ್ಟ. ಸೀರೆ ವಾಪಸು ಕೊಡುತ್ತೇನೆ ಎಂದಾಗ ಮಾತ್ರ ಮುಖ ಗಂಭೀರವಾಯಿತು. ಉಡಿಕೆಯ ಸೀರೆ ತಿರುಗಿ ಕೊಟ್ಟವಳನ್ನು ಗಂಡನ ಬಿಟ್ಟಾಕೆ ಅನ್ನುತ್ತಾರೆ ಎಂದು ಹೇಳಿ ಹೋದಳು. ಇಟ್ಟುಕೊಂಡರೆ ಹೆಂಡತಿ, ಕೊಟ್ಟರೆ ಬಿಟ್ಟವಳು. ಮಾರ್ಕೆಟ್ಟಿನಲ್ಲಿ ನಷ್ಟವಿಲ್ಲದ ಕರಾರು ನಮ್ಮ ಗ್ಯಾಲರಿಯಲ್ಲಿ ಎರಡೂ ಕಡೆ ನಷ್ಟ.

೧೭ ಅಕ್ಟೋಬರ್, ಬುಧವಾರ

ಸುದ್ದಿ ನನಗಿಂತ ಮುಂಚೆ ಲೋಕಲ್ ಹಿಡಿದಿದೆ. ವಿಕ್ರೋಳಿಯಲ್ಲಿ ಹಾಲವ್ವ ಕುರ್ಚಿ ಹಾಕಿ ಕೂಡಿಸಿದಳು, ಯಾವತ್ತೂ ಇಲ್ಲದ್ದು. ಅವರು ನೋಡಲು ಹೇಗೆ, ಪಗಾರ ಎಷ್ಟು, ಕುಡಿಯುತ್ತಾರೋ ಎಂದೆಲ್ಲ ಕೇಳಿದಳು. ಅಲ್ಲ ಅಲ್ಲ ಎಂದಷ್ಟೂ ನಾಚಿಕೆ ಎಂದು ತಿಳಿದಳು.

ಅದು ನಗುವ ಮಾತು. ನಗು ಬಾರದ್ದು ವಡಾಲದ ಕಾಲೊನಿಯಲ್ಲಿ. ಹಳೆಯ ಗಿರಾಕಿಯೊಬ್ಬಳು, ಎರಡು ತಿಂಗಳ ಬಾಕಿ, ಬಾಗಿಲಲ್ಲೇ ನಿಂತು ಪ್ರೀತಿಯಿಂದಲೇ ಹೇಳಿದಳು — "ಇನ್ನ ನೀ ಯಾಕ ಅಡ್ಡಾಡ್ತಿ ಬಿಸಲಾಗ? ನಿನ್ನ ಯಜಮಾನ್ರು ಬರಲಿ. ಅವರ ಕೈಯಾಗ ಕೊಡ್ತೀನಿ."

ಗಂಟು ಹೊತ್ತವಳು ನಾನು. ಯಾವ ಮನೆಯಲ್ಲಿ ಯಾವ ಬಣ್ಣ ಓಡುತ್ತದೆ, ಯಾರ ಅತ್ತೆ ಕೆಂಪು ಬೇಡ ಎನ್ನುತ್ತಾಳೆ, ಎಲ್ಲ ನನ್ನ ತಲೆಯಲ್ಲಿದೆ. ಒಂದು ಸೀರೆ ಉಟ್ಟದ್ದಕ್ಕೆ ಇಷ್ಟೂ ಅವರ ಕೈಗೆ. ಅವರಿಗೆ ಗೊತ್ತೇ ಇಲ್ಲದೆ.

೨೦ ಅಕ್ಟೋಬರ್, ಶನಿವಾರ

ಮಾರ್ಕೆಟ್ಟಿಗೆ ಹೋಗಿ ಬಸವಂತಪ್ಪನವರಿಗೆ ಹೇಳಿದೆ. ಅಂಗಡಿ ತುಂಬಿತ್ತು, ಹಬ್ಬದ ಗದ್ದಲ. ಮೂಲೆಯಲ್ಲಿ ನಿಂತು ಉಡಿಕೆ ಅಂದರೆ ಏನು, ಮಲ್ಲಕ್ಕ ಪೇಡೆ ಯಾಕೆ ತಿನ್ನಿಸಿದ್ದು, ಎಲ್ಲ ಹೇಳಿದೆ. ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. ನಗಬಹುದು ಎಂದೂ. ಎರಡೂ ಆಗಲಿಲ್ಲ. ಗಾದಿಯ ಮೇಲೆ ಕುಳಿತು ಮುಂದಿದ್ದ ಸೀರೆಯನ್ನು ಮಡಚತೊಡಗಿದರು. ತಪ್ಪು ಮಡಿಕೆ. ಬಿಚ್ಚಿದರು. ಮತ್ತೆ ತಪ್ಪು.

"ನಾ ತಂದದ್ದು ಸೇಲ್ ಸಲುವಾಗಿ," ಎಂದರು. ಆಮೇಲೆ, ಮಡಿಕೆ ನೋಡುತ್ತ, "ಆದ್ರ ನೀವು ಹೂಂ ಅಂದ್ರ… ನಾ ಬಿಲ್ ಮಾಡೂದಿಲ್ಲ."

ಅಕ್ಕಾ ಅನ್ನಲಿಲ್ಲ.

ಹೆಂಗಸನ್ನು ಹೀಗೂ ಕೇಳುತ್ತಾರೆಯೇ. ಬಿಲ್ ಮಾಡುವುದಿಲ್ಲ. ಹೊರಗೆ ಬಂದೆ. ಮಸ್ಜಿದ್ ಸ್ಟೇಷನ್ನಿನಲ್ಲಿ ಎರಡು ಗಾಡಿ ಬಿಟ್ಟೆ. ಮೂರನೆಯದರಲ್ಲಿ ಬಾಗಿಲ ಹತ್ತಿರ ನಿಂತೆ. ಸಮುದ್ರದ ಕಡೆಯ ಗಾಳಿ, ಉಪ್ಪಿನ ವಾಸನೆ. ಗೋಡೌನುಗಳ ಮೇಲೆ, ಹಳಿಗಳ ಮೇಲೆ, ಎಲ್ಲದರ ಮೇಲೂ ಯಾರೋ ತೆಳ್ಳಗಿನ ನೀಲಿಯನ್ನು ಜಾಡಿಸಿ ಹಾಸಿದ್ದರು. ಸಂಜೆಯೇ ಇರಬೇಕು.

೨೬ ಅಕ್ಟೋಬರ್, ದೀಪಾವಳಿ

ಬೂದಿ ಬಣ್ಣದ್ದೇ ಉಟ್ಟೆ. ಮಲ್ಲಕ್ಕ ನೋಡಿ ಮುಖ ತಿರುಗಿಸಿದಳು. ನೀಲಿ ಸೀರೆ ಟ್ರಂಕಿನಲ್ಲಿದೆ. ಮುಚ್ಚಳ ಹಾಕಿದರೂ ಕಾಣುತ್ತದೆ.

ಬೇಕು ನನಗೆ ಆ ನೀಲಿ. ಬಸವಂತಪ್ಪನವರೂ ಬೇಡವೆಂದಲ್ಲ… ಬರೆದೇ ಬಿಟ್ಟೆ. ಆದರೆ ನೀಲಿ ಉಡಬೇಕಾದರೆ ಒಬ್ಬರ ಹೆಂಡತಿಯಾಗಿಯೇ ಉಡಬೇಕು ಅನ್ನುವ ಕರಾರು ಯಾರು ಬರೆದದ್ದು. ಬಣ್ಣ ಬೇರೆ, ಮನುಷ್ಯ ಬೇರೆ. ಎರಡನ್ನೂ ಒಂದೇ ಪಾರ್ಸೆಲಿನಲ್ಲಿ ತೆಗೆದುಕೊಳ್ಳಲಾರೆ.

೪ ನವೆಂಬರ್, ರವಿವಾರ

ಮುಗಿಸಿದೆ. ರವಿವಾರ ನಳದ ಹೊತ್ತಿಗೆ ಬಿಲ್ ಪುಸ್ತಕ ತನ್ನಿ ಎಂದು ಬಸವಂತಪ್ಪನವರಿಗೆ ವಸಂತಿಯ ಕೈಯಲ್ಲಿ ಹೇಳಿ ಕಳಿಸಿದ್ದೆ. ತಂದರು. ಅದೇ ಗ್ಯಾಲರಿ, ಅದೇ ಜನ. ಸೀರೆ, ಪೀಸು, ಬಳೆ, ಎಲ್ಲದರ ರೊಕ್ಕ ಎಲ್ಲರೆದುರು ಎಣಿಸಿದೆ. ಅವರು ಬರೆದರು. ವಸಂತಿಯ ಕೈಯಲ್ಲಿ ಜೋರಾಗಿ ಓದಿಸಿದೆ. ಅಂಗಡಿಯ ಹೆಸರು ಬೇಗ ಓದಿ, ಖರೀದಿದಾರರು ಎಂಬಲ್ಲಿ ಎಡವಿ, ರಾಚವ್ವ ಎಂದು ಮುಗಿಸಿದಳು. ಆಮೇಲೆ ಒಳಗೆ ಹೋಗಿ ಉಟ್ಟು ಬಂದೆ.

"ನೋಡು ಮಲ್ಲಕ್ಕ. ಉಡಿಸಿದಾಕಿನೂ ನಾನ, ಉಟ್ಟಾಕಿನೂ ನಾನ."

ಮಲ್ಲಕ್ಕ ನನ್ನ ಸೆರಗು ಹಿಡಿದು ನೋಡಿದಳು. "ತನಗ ತಾನ ಉಡಿಕಿ ಮಾಡ್ಕೊಂಡಾಕಿನ್ನ ಇವತ್ತ ನೋಡಿದೆ," ಎಂದಳು. ಎಲ್ಲರೂ ನಕ್ಕರು. ಅವಳೂ. ಕೊಡಗಳು ಮುಂದೆ ಸರಿದವು.

ಬಿಲ್ಲಿನ ಅಕ್ಷರಗಳು ಓರೆಯಾಗಿವೆ. ಬಸವಂತಪ್ಪನವರು ಮೆಟ್ಟಿಲ ಹತ್ತಿರ ನಿಂತು, ಬರ್ತೀನಿ ಅಕ್ಕಾ, ಎಂದರು. ವಾಪಸು ಬಂದ ಮಾಲಿನ ಹಾಗೆ ಕೈಗೆ ಬಂತು ಆ ಅಕ್ಕಾ. ಇಡಲು ಜಾಗ ಸಿಗಲಿಲ್ಲ.

೧೧ ನವೆಂಬರ್, ರವಿವಾರ

ನಿಜ ಬರೆಯಬೇಕು. ಇಷ್ಟೆಲ್ಲ ಮಾಡಿ ಗೆದ್ದ ಸೀರೆ ನನಗೆ ಒಪ್ಪುವುದಿಲ್ಲ.

ವಾರವೆಲ್ಲ ಉಟ್ಟು ತಿರುಗಿದೆ. ಗಂಟು ಹೆಗಲಿಗೆ ಹಾಕಿದರೆ ಸೆರಗು ಜಾರುತ್ತದೆ. ಕುರ್ಲಾದ ಬ್ರಿಜ್ಜಿನ ಮೇಲೆ ನೆರಿಗೆ ಯಾರದೋ ಕಾಲ ಕೆಳಗೆ. ಚುಕ್ಕಿ ದೂರದಿಂದ ಚೆಂದ, ಹತ್ತಿರದಿಂದ ಸಿಡುಬು. ನಾನು ಗಿರಾಕಿಯ ಹತ್ತಿರವೇ ಕೂರುವವಳು. ತೋಳಿಲ್ಲದ ಬ್ಲೌಸು ವಸಂತಿ ಹಟ ಮಾಡಿ ಹೊಲಿಸಿದ್ದಳು, ಕನ್ನಡಿಯ ಮುಂದೆ ಒಮ್ಮೆ ಹಾಕಿ ತೆಗೆದೆ. ನಾಚಿಕೆಯಲ್ಲ. ಗಂಟಿನ ಹಗ್ಗ ನೇರ ತೋಳಿಗೆ ಒತ್ತುತ್ತದೆ. ಬಳೆ ಮೆಟ್ಟಿಲು ಹತ್ತುವಾಗ ನನಗಿಂತ ಮುಂಚೆ ಸುದ್ದಿ ಹೇಳುತ್ತದೆ, ಬಾಕಿಯವರು ಬಾಗಿಲು ಹಾಕಿಕೊಳ್ಳುತ್ತಾರೆ.

ವಿಕ್ರೋಳಿಯಲ್ಲಿ ಹಾಲವ್ವ ಸೀರೆಯ ಅಂಚು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಉದ್ದ ಹೆಣ್ಣು, ಗಂಟು ಹೊರುವುದಿಲ್ಲ. ಅವಳಿಗೇ ಎಂದು ನೇಯ್ದ ಹಾಗಿತ್ತು. ಅಲ್ಲೇ ಬದಲಿಸಿ, ಹಪ್ತೆಯ ಮೇಲೆ ಕೊಟ್ಟೆ. ಅವಳ ಹಳೆಯ ತೆಳು ಹತ್ತಿಯ ವಾಯಿಲ್ ಉಟ್ಟು ಮನೆಗೆ ಬಂದೆ. ಬೇಸರವಾಗಲಿಲ್ಲ. ಒಪ್ಪುವುದಿಲ್ಲ ಎಂದು ಉಟ್ಟು ತಿಳಿದೆ, ಬೇರೆಯವರ ಬಾಯಿಂದಲ್ಲ.

೨ ಡಿಸೆಂಬರ್, ರವಿವಾರ

ದಾದರಿನಲ್ಲಿ ಕೊಂಡೆ. ನೀಲಿ ಫುಲ್‌ವಾಯಿಲ್. ಚುಕ್ಕಿ ಇಲ್ಲ, ಹೂವಿಲ್ಲ, ಬೆರಳಗಲದ ಅಂಚು. ಮೊಳಕೈವರೆಗೆ ತೋಳು. ಕೈಗೆ ಎರಡೆರಡೇ ಬಳೆ, ಅವು ಹಸಿರು. ಮ್ಯಾಚಿಂಗ್ ಇಲ್ಲ. ಈ ಸೀಸನ್ನಿನಿಂದ ನಾನು ತೆಗೆದುಕೊಂಡದ್ದು ಬಣ್ಣ ಒಂದೇ, ಉಳಿದದ್ದನ್ನು ಸೀಸನ್ನಿಗೇ ಬಿಟ್ಟೆ. ಕನ್ನಡಿಯಲ್ಲಿ ಒಬ್ಬಳು ನಿಂತಿದ್ದಳು. ಇವಳಿಗೆ ಯಾವುದನ್ನೂ ಬೇಡ ಎನ್ನಬೇಕಾಗಲಿಲ್ಲ.

ಮಾರ್ಕೆಟ್ಟಿಗೆ ನಾನು ಹೋಗುತ್ತಿಲ್ಲ. ಮಾಲು ವಸಂತಿ ತರುತ್ತಾಳೆ, ಅವಳ ಆಫೀಸಿನಿಂದ ಹತ್ತಿರ. "ಮಾವಶಿ, ಬಸವಂತಪ್ಪನವರು… ಪೂಛಾ, ಕೇಳಿದ್ರು. ನೀವು ಉಡ್ತೀರಿ ಕ್ಯಾ, ನೀಲಿ?" ಮಾರಿಬಿಟ್ಟೆ ಎಂದು ಹೇಳಿದೆಯಾ ಎಂದು ಕೇಳಿದೆ. ಹೇಳಿದಳಂತೆ. ಅವರು ಮಡಿಕೆ ಸರಿ ಮಾಡುತ್ತ ಕೂತರಂತೆ.

೬ ಜನವರಿ ೧೯೭೪, ರವಿವಾರ

ಬರೆಯದೆ ತಿಂಗಳಾಯಿತು. ಬರೆಯುವುದು ಬಹಳ ಇತ್ತು, ಅದಕ್ಕೇ.

ಸಂಕ್ರಾಂತಿಗೆ ಇಲ್ಲಿಯ ಮರಾಠಿ ಹೆಂಗಸರು ಕಪ್ಪು ಉಡುತ್ತಾರೆ. ಕಪ್ಪು ಮಾಲು ಚೆನ್ನಾಗಿ ಹೋಗುತ್ತಿದೆ. ನನಗೆ ಬೇಡ, ಕಪ್ಪಿನಲ್ಲಿ ನಾನು ನನ್ನ ದೊಡ್ಡತ್ತೆಯ ಹಾಗೆ ಕಾಣುತ್ತೇನೆ.

ಮಧ್ಯಾಹ್ನ ಬಾಗಿಲು ತೆರೆದಿಟ್ಟು ಮಲಗಿದ್ದೆ. ಅರೆನಿದ್ದೆ. ಹೊಸ ಫ್ಯಾಷನ್ ಬಂದಾಗ ಇವನ್ನು ಕೇಳಿ ಕೊಳ್ಳು ಎಂದು ಗಿರಾಕಿಗೆ ಹೇಳುವ ಪ್ರಶ್ನೆಗಳನ್ನು ಸುಮ್ಮನೆ ಬಸವಂತಪ್ಪನವರಿಗೆ ಹಚ್ಚಿ ನೋಡಿದೆ. ಸೀಸನ್ ಮುಗಿದ ಮೇಲೂ ಉಳಿಯುತ್ತದೆಯೇ? ನನ್ನನ್ನು ಕೇಳಿ ಎರಡೂವರೆ ತಿಂಗಳಾಯಿತು, ಉಳಿದಿದ್ದಾರೆ. ತೊಳೆದರೆ ಬೇರೆ ಬಟ್ಟೆಗೆ ಬಣ್ಣ ಹತ್ತಿಸುತ್ತದೆಯೇ? ಬಿಲ್ಲಿನಲ್ಲಿ ನನ್ನ ಹೆಸರು ಬರೆದವರು, ತಮ್ಮದನ್ನು ಎಲ್ಲೂ ಸೇರಿಸಲಿಲ್ಲ. ಗಂಟು ಹೊತ್ತು ಮೆಟ್ಟಿಲು ಹತ್ತಿದರೆ ಹೆಗಲ ಮೇಲೆ ನಿಲ್ಲುತ್ತದೆಯೇ? ಇದಕ್ಕೆ ಉತ್ತರ ಉಟ್ಟೇ ನೋಡಬೇಕು.

ಕಣ್ಣು ತೆರೆದಾಗ ಗ್ಯಾಲರಿಯ ಬಿಸಿಲು ಬಾಗಿಲವರೆಗೆ ಬಂದಿತ್ತು. ಎದ್ದು ದಾದರಿಗೆ ಹೊರಟೆ. ಈ ಸಲ ಗಂಡಸರ ಬಟ್ಟೆಯ ಅಂಗಡಿಗೆ.

೧೪ ಜನವರಿ, ಸೋಮವಾರ, ಸಂಕ್ರಾಂತಿ

ಬಸವಂತಪ್ಪನವರು ಬಂದರು. ಎಳ್ಳು-ಬೆಲ್ಲ ಕೊಡಲು ಬನ್ನಿ ಎಂದು ನಾನೇ ಕರೆಸಿದ್ದೆ. ಮಾರ್ಕೆಟ್ಟಿನ ಬಿಳಿ ಅಂಗಿ, ತೋಳಿಗೆ ಯಾವುದೋ ಸೀರೆಯ ಜರಿಯ ಎಳೆ ಹತ್ತಿತ್ತು. ಕೈಯಲ್ಲಿ ಎಳ್ಳಿನ ಪೊಟ್ಟಣ ಬಿಟ್ಟರೆ ಏನೂ ತಂದಿರಲಿಲ್ಲ. ಹೆದರಿದ್ದರು, ಪಾಪ.

ಮಲ್ಲಕ್ಕ, ವಸಂತಿ, ಉಳಿದವರೆಲ್ಲ ಗ್ಯಾಲರಿಯಲ್ಲೇ ಇದ್ದರು. ಒಳಗಿನಿಂದ ಪಾರ್ಸೆಲ್ ತಂದು ಅವರ ಕೈಗಿಟ್ಟೆ. ಬುಶ್ ಶರ್ಟು, ಜೇನಿನ ಬಣ್ಣ, ಈ ವರ್ಷದ ಉದ್ದ ಕಾಲರು. ಮೊದಲೇ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ: "ಗಿರಾಕಿಗಳು ನನ್ನವರು. ಹಪ್ತೆ ನನ್ನ ಕೈಗೆ ಬರಬೇಕು. ಒಪ್ಪಿಗಿ ಇದ್ರ ಹಾಕ್ಕೊಂಡು ಬಿಸಲಿಗೆ ಬರ್ರಿ."

ಅದರ ಅರ್ಥ ಈಗ ಅವರಿಗೆ ಗೊತ್ತು. ನಿಂತರು. ಶರ್ಟನ್ನು ನೋಡಿದರು, ನನ್ನ ನೀಲಿಯನ್ನು ನೋಡಿದರು. ಒಳಗೆ ಹೋದರು. ಬಹಳ ಹೊತ್ತಾಯಿತು, ಅಥವಾ ನನಗೆ ಹಾಗನ್ನಿಸಿತು. ಮಲ್ಲಕ್ಕ ಹತ್ತಿರ ಬಂದು, ಹಳೆಯ ಸಿಟ್ಟೆಲ್ಲ ಬಿಟ್ಟ ದನಿಯಲ್ಲಿ ಕೇಳಿದಳು, "ಇದ್ಯಾವ ಪದ್ಧತಿ, ರಾಚಿ?"

"ಈ ವರ್ಷದ್ದು," ಎಂದೆ.

ಬಾಗಿಲು ತೆರೆಯಿತು. ಬಂದು ಬಿಸಿಲಲ್ಲಿ ನಿಂತರು. ಕಾಲರು ಒಂದು ಕಡೆ ಒಳಗೇ ಮಡಚಿಕೊಂಡಿತ್ತು. ಎಲ್ಲರೆದುರು ನಾನೇ ಸರಿ ಮಾಡಿದೆ.

ಸಂಜೆ

ಲೆಕ್ಕ. ಅಂಗಡಿಗೆ: ಒಂದು ಸೀರೆಯ ವ್ಯಾಪಾರ. ಹಾಲವ್ವನಿಗೆ: ನೀಲಿ ಜಾರ್ಜೆಟ್, ಮತ್ತು ಗಂಡನ ಎರಡು ಬೈಗುಳ. ವಸಂತಿಗೆ: ಒಂದು ಡಜನ್ ನೀಲಿ ಬಳೆ. ಮಲ್ಲಕ್ಕನಿಗೆ: ಊರಿಗೆ ಹೋದಾಗ ಹೇಳಲು ಒಂದು ಕಥೆ, ಯಾರೂ ನಂಬದ್ದು. ಬಸವಂತಪ್ಪನವರಿಗೆ: ಶರ್ಟು ಒಂದು, ಭುಜದಲ್ಲಿ ಬಿಗಿ. ನನಗೆ: ನೀಲಿ ವಾಯಿಲ್. ಗಿರಾಕಿಗಳು ಎಲ್ಲರೂ. ಇನ್ನು, ಭುಜದ ಹೊಲಿಗೆ ಸ್ವಲ್ಪ ಬಿಚ್ಚಬೇಕಂತೆ, ಒಳಗಿನಿಂದ ಕೂಗುತ್ತಿದ್ದಾರೆ, ಕೈ ಎತ್ತಲು ಬರುತ್ತಿಲ್ಲ —